ಬೋನಿಟ್ಟರೂ ಇಲಿ ನಿಲ್ಲುತ್ತಿಲ್ಲವೇ? ದೋಷ ಹುಡುಕುವ ಕೈಪಿಡಿ

ಬೋನು ಇಟ್ಟಾಗಿದೆ, ಒಂದೆರಡು ಬಿದ್ದೂ ಆಗಿದೆ. ಆದರೂ ಬೆಳಗ್ಗೆ ಎದ್ದರೆ ಒಲೆಕಟ್ಟೆಯ ಮೇಲೆ ಹಿಕ್ಕೆ, ಅಕ್ಕಿಚೀಲದ ಮೂಲೆಯಲ್ಲಿ ಹೊಸ ತೂತು. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಬೋನು ಕೆಟ್ಟಿರುವುದಿಲ್ಲ, ಇಲಿಗೆ ಅಂಥ ಮಹಾಬುದ್ಧಿಯೂ ಇರುವುದಿಲ್ಲ. ಬಂದಿರುವ ಪ್ರಾಣಿ ಯಾವುದು, ಅದು ಒಳಗೆ ಬರುವ ದಾರಿ ಯಾವುದು ಎಂದು ನೋಡದೆ ಅಂಗಡಿಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತಂದಿರುತ್ತಾರೆ. ಹೆಗ್ಗಣಕ್ಕೆ ಚಿಕ್ಕ ಬೋನು, ಚಿಕ್ಕಿಲಿಗೆ ಹೆಗ್ಗಣದ ಪಂಜರ, ಮಾಡಿನಿಂದ ಇಳಿಯುವ ಇಲಿಗೆ ಬಚ್ಚಲಲ್ಲಿ ಪಾಷಾಣ. ತಪ್ಪುಗಳು ಬಹುಪಾಲು ಇದೇ ಜಾತಿಯವು. ದಾರಿ ತೆರೆದಿರುವ ತನಕ ಹಿಡಿದದ್ದು ಲೆಕ್ಕಕ್ಕೇ ಬರುವುದಿಲ್ಲ. ಮನೆ ಇಲಿ ಸುಮಾರು ಮೂರು ವಾರ ಗಬ್ಬವಾಗಿದ್ದು ಒಂದು ಸಲಕ್ಕೆ ಐದರಿಂದ ಎಂಟು ಮರಿ ಹಾಕುತ್ತದೆ. ಮೂರು ತಿಂಗಳು ಕಳೆದರೆ ಆ ಮರಿಗಳೇ ಮರಿ ಹಾಕತೊಡಗುತ್ತವೆ.

ಆದ್ದರಿಂದ ಮೊದಲ ಎರಡು ದಿನ ಬೋನು, ಪಾಷಾಣ ಯಾವುದೂ ಬೇಡ. ಟಾರ್ಚು, ಸ್ಕೇಲು, ಒಂದು ಬಟ್ಟಲು ರಂಗೋಲಿ ಪುಡಿ, ಒಂದಿಷ್ಟು ಹಳೇ ಪೇಪರು ಇದ್ದರೆ ಸಾಕು.

ಬಂದಿರುವುದು ಯಾವುದು?

ಹಿಕ್ಕೆಯೇ ಸಾಕ್ಷಿ. ಜೀರಿಗೆಯಷ್ಟು, ಅಂದರೆ 4ರಿಂದ 6 ಮಿ.ಮೀ. ಉದ್ದ, ತುದಿ ಚೂಪು, ಅಲ್ಲಲ್ಲಿ ಚೆಲ್ಲಿದ ಹಾಗಿದ್ದರೆ ಚಿಕ್ಕಿಲಿ. 10–13 ಮಿ.ಮೀ. ಇದ್ದು ಸ್ವಲ್ಪ ಬಾಗಿದ್ದರೆ ಮನೆ ಇಲಿ. 15ರಿಂದ 20 ಮಿ.ಮೀ. ಉದ್ದವಾಗಿ, ದಪ್ಪಗೆ, ಒಂದೇ ಕಡೆ ಗುಂಪಾಗಿ ಬಿದ್ದಿದ್ದರೆ ಹೆಗ್ಗಣ. ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇದೆಯೇ? ಅದು ಹಲ್ಲಿಯದು, ನಿಶ್ಚಿಂತೆಯಿಂದಿರಿ. ಗೋಡೆಯ ಮೇಲ್ಭಾಗದಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಬಿದ್ದ ಹಲ್ಲಿ ಹಿಕ್ಕೆಯನ್ನು ನೋಡಿ ಇಲಿಯೆಂದು ಪಾಷಾಣ ತಂದವರು ಕಡಿಮೆಯಿಲ್ಲ.

ಹಿಕ್ಕೆ ಹಳೆಯದೋ ಹೊಸದೋ ಎಂಬುದೂ ಗೊತ್ತಾಗಬೇಕು. ಹೊಸದು ಕಪ್ಪಗೆ ಮಿರುಗುತ್ತದೆ, ಕಡ್ಡಿಯಿಂದ ಒತ್ತಿದರೆ ಮೆತ್ತಗಿರುತ್ತದೆ. ಹಳೆಯದು ಬೂದಿ ಬಣ್ಣಕ್ಕೆ ತಿರುಗಿ, ಒತ್ತಿದರೆ ಪುಡಿಯಾಗುತ್ತದೆ. ಅನುಮಾನವಿದ್ದರೆ ಜಾಗವನ್ನು ಒರೆಸಿಬಿಟ್ಟು ಮಾರನೇ ದಿನ ನೋಡಿ.

ಸದ್ದೂ ಸುಳಿವು ಕೊಡುತ್ತದೆ. ರಾತ್ರಿ ಅಟ್ಟದ ಮೇಲೆ, ಫಾಲ್ಸ್ ಸೀಲಿಂಗಿನೊಳಗೆ ಓಡಾಟ ಕೇಳಿದರೆ ಮನೆ ಇಲಿ. ಅದು ಹತ್ತುವುದರಲ್ಲಿ ನಿಪುಣ, ಕೇಬಲ್ ಹಿಡಿದೂ ಬರುತ್ತದೆ. ಹೆಗ್ಗಣ ಹತ್ತುವುದಕ್ಕಿಂತ ಅಗೆಯುವುದರಲ್ಲಿ ಗಟ್ಟಿ. ಕಾಂಪೌಂಡಿನ ಬುಡ, ಮೋರಿಯ ಪಕ್ಕ, ಪಾಯದ ಕಲ್ಲಿನ ಸಂದಿಯಲ್ಲಿ ಮುಷ್ಟಿ ಹಿಡಿಸುವಷ್ಟು ತೂತು, ಅದರ ಬಾಯಲ್ಲಿ ಸಡಿಲ ಮಣ್ಣಿನ ಗುಡ್ಡೆ ಕಂಡರೆ ಅದರದೇ ಕೆಲಸ.

ನಾಲ್ಕನೆಯದು ಒಂದಿದೆ, ಅದನ್ನು ಇಲಿ ಎಂದು ಎಣಿಸಿ ಜನ ವ್ಯರ್ಥ ಪಾಡು ಪಡುತ್ತಾರೆ. ಉದ್ದ ಮೂತಿ, ಸಾಸಿವೆಯಂಥ ಕಣ್ಣು, ಗೋಡೆಯಂಚಿಗೆ ಚಿಂವ್‌ಗುಟ್ಟುತ್ತ ಓಡುವುದು, ಹಾದುಹೋದ ಮೇಲೂ ಉಳಿಯುವ ಕಟುವಾಸನೆ: ಇದು ಮೂಗಿಲಿ. ಕೆಲವು ಕಡೆ ಸುಂಡಿಲಿ ಎಂದರೆ ಇದೇ, ಇನ್ನು ಕೆಲವು ಕಡೆ ಚಿಕ್ಕಿಲಿಗೇ ಆ ಹೆಸರು. ಹೆಸರು ನಂಬದೆ ಮೂತಿ ನೋಡಿ. ಇದಕ್ಕೂ ಇಲಿಗೂ ಕುಲಸಂಬಂಧವಿಲ್ಲ. ಜಿರಲೆ, ಹುಳ ತಿನ್ನುವ ಪ್ರಾಣಿ. ವೈರು ಕಡಿಯುವುದಿಲ್ಲ, ಚೀಲ ಕತ್ತರಿಸುವುದಿಲ್ಲ. ಕೊಬ್ಬರಿ ಕಟ್ಟಿದ ಬೋನಿನ ಕಡೆ ತಿರುಗಿಯೂ ನೋಡದಿರುವುದಕ್ಕೆ ಇದೇ ಕಾರಣ. ಬಚ್ಚಲ ಜಾಲರಿ ಸರಿಪಡಿಸಿ, ಜಿರಲೆ ಕಡಿಮೆ ಮಾಡಿ, ಅದು ತಾನಾಗಿ ಹೋಗುತ್ತದೆ.

ದಾರಿ ಎಲ್ಲಿದೆ?

ಇಲಿ ಬಯಲಲ್ಲಿ ಓಡಾಡುವುದಿಲ್ಲ. ಮೀಸೆ ಗೋಡೆಗೆ ತಾಗಿಸಿಕೊಂಡು, ಪ್ರತಿ ರಾತ್ರಿ ಅದೇ ಅಂಚಿನಲ್ಲಿ ಸಾಗುತ್ತದೆ. ಹಾಗೆ ಓಡಾಡಿದ ಕಡೆ ಮೈಯ ಜಿಡ್ಡು ಮೆತ್ತಿ ಗೋಡೆಯ ಮೇಲೆ ಎಣ್ಣೆಗಪ್ಪು ಪಟ್ಟೆ ಮೂಡುತ್ತದೆ. ಟಾರ್ಚನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಚೆನ್ನಾಗಿ ಕಾಣುತ್ತದೆ.

ಮಲಗುವ ಮುಂಚೆ ಅನುಮಾನದ ಕಡೆಗಳಲ್ಲಿ ಗೋಡೆಯಂಚಿಗೆ ನಾಲ್ಕು ಬೆರಳಗಲ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ. ಕಲ್ಲಿನ ಪುಡಿಯೇ ಆಗಬೇಕು. ಅಕ್ಕಿಹಿಟ್ಟು ಹಾಕಿದರೆ ಊಟಕ್ಕೆ ಕರೆದಂತಾಗುತ್ತದೆ. ಬೆಳಗ್ಗೆ ಮುಂಗಾಲಿನ ನಾಲ್ಕು, ಹಿಂಗಾಲಿನ ಐದು ಬೆರಳಿನ ಗುರುತು, ಕೆಲವೊಮ್ಮೆ ನಡುವೆ ಬಾಲ ಎಳೆದ ಗೆರೆ ಕಾಣುತ್ತದೆ. ಬೆರಳು ಯಾವ ಕಡೆಗೋ ಅದು ಹೋದದ್ದೂ ಆ ಕಡೆಗೇ.

ತೂತು ಸಿಕ್ಕಿದ ಮೇಲೆ ಅದರಲ್ಲಿ ಪೇಪರ್ ಉಂಡೆಯನ್ನು ಸಡಿಲವಾಗಿ ತುರುಕಿ. ಹೊಲದಲ್ಲಿ ರೈತರು ಬಿಲಗಳ ಬಾಯಿಗೆ ಮಣ್ಣು ಮುಚ್ಚಿ, ಮಾರನೇ ದಿನ ತೆರೆದುಕೊಂಡದ್ದನ್ನಷ್ಟೇ ಜೀವಂತ ಬಿಲವೆಂದು ಎಣಿಸುತ್ತಾರಲ್ಲ, ಅದೇ ಲೆಕ್ಕ ಇಲ್ಲಿಯೂ. ಮನೆಯಲ್ಲಿ ಇನ್ನೂ ಒಂದು ವಿಷಯ ತಿಳಿಯುತ್ತದೆ. ಪೇಪರು ಮನೆಯೊಳಗೆ ಬಂದು ಬಿದ್ದಿದ್ದರೆ ಇಲಿ ಹೊರಗಿನಿಂದ ತಳ್ಳಿದೆ, ಅಂದರೆ ಅದರ ಗೂಡು ಹೊರಗೆ. ಪೇಪರು ಹೊರಗೆ ಹೋಗಿದ್ದರೆ ಇಲಿ ಮನೆಯಲ್ಲೇ ಸಂಸಾರ ಹೂಡಿದೆ, ಆಗ ಅಟ್ಟ, ಹಳೇ ರಟ್ಟಿನ ಡಬ್ಬ, ಮಂಚದ ಪೆಟ್ಟಿಗೆ, ಫ್ರಿಜ್ಜಿನ ಹಿಂಭಾಗ ಜಾಲಾಡಬೇಕು. ಮೂರು ದಿನ ಅಲುಗದೆ ಇದ್ದರೆ ಆ ತೂತು ಬಳಕೆಯಲ್ಲಿಲ್ಲ, ಕೂಡಲೇ ಮುಚ್ಚಬಹುದು.

ಹುಡುಕಬೇಕಾದ ಮೊದಲ ಜಾಗ ಸಿಂಕಿನ ಕೆಳಗೆ. ಒಂದೂವರೆ ಇಂಚಿನ ಪೈಪಿಗೆ ಪ್ಲಂಬರು ಮೂರಿಂಚು ಗೋಡೆ ಒಡೆದು, ಸುತ್ತ ಹಾಗೇ ಬಿಟ್ಟು ಹೋಗಿರುತ್ತಾನೆ. ಹತ್ತರಲ್ಲಿ ಐದು ಮನೆಯ ಕಥೆ ಅಲ್ಲೇ ಮುಗಿಯುತ್ತದೆ ಎಂದರೂ ಸಲ್ಲುತ್ತದೆ. ಆಮೇಲೆ ಗ್ಯಾಸ್ ಪೈಪಿನ ತೂತು, ಏಸಿಯ ತಾಮ್ರದ ಪೈಪು ಹೊರಹೋಗುವ ಕಡೆ, ಚಿಮಣಿಯ ಹೊರಬಾಯಿ, ಬಚ್ಚಲ ಜಾಲರಿ, ಹಿಂಬಾಗಿಲ ಕೆಳಸಂದಿ. ಅಳತೆಗೆ ಪೆನ್ಸಿಲು ಸಾಕು: ಪೆನ್ಸಿಲು ತೂರಿದರೆ ಚಿಕ್ಕಿಲಿ ತೂರುತ್ತದೆ. ಅರ್ಧ ಇಂಚಿದ್ದರೆ ಮರಿ ಇಲಿ, ಹೆಬ್ಬೆರಳು ಹೋದರೆ ದೊಡ್ಡ ಇಲಿ. ತಲೆ ಹಿಡಿಸಿದರೆ ಉಳಿದ ಮೈಯನ್ನು ಅದು ಹಿಂಡಿಕೊಂಡು ಬರುತ್ತದೆ.

ಹೆಂಚಿನ ಮನೆಯಾದರೆ ನೆಲ ಬಿಟ್ಟು ಮೇಲೆ ನೋಡಿ. ಗೋಡೆಯ ತಲೆಗೂ ಹೆಂಚಿಗೂ ನಡುವಿನ ಸಂದಿ, ನೆತ್ತಿಯ ಹೆಂಚಿನ ಗಾರೆ ಬಿಟ್ಟುಕೊಂಡ ಕಡೆ, ಮಾಡಿಗೆ ತಾಗಿದ ಮಾವಿನ ಕೊಂಬೆ, ತೆಂಗಿನ ಗರಿ. ಕೊಂಬೆಯನ್ನು ಮಾಡಿನಿಂದ ಕನಿಷ್ಠ ಒಂದು ಮೀಟರು, ಸಾಧ್ಯವಾದರೆ ಇನ್ನೂ ಹೆಚ್ಚು ದೂರ ಕತ್ತರಿಸಿ. ತೆಂಗಿನ ಬೊಡ್ಡೆಗೆ ಆಳೆತ್ತರದ ಮೇಲೆ ಒಂದೂವರೆ ಅಡಿ ಅಗಲದ ತಗಡು ಸುತ್ತುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಪಕ್ಕದ ಮರದ ಗರಿ ತಾಗಿದ್ದರೆ ಮಾತ್ರ ತಗಡು ಕಟ್ಟಿಯೂ ಪ್ರಯೋಜನವಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಗೂ ಇಲಿ ಬರುವುದು ಪೈಪುಗಳ ಡಕ್ಟಿನಿಂದ. ಬಳಸದ ಶೌಚಾಲಯವನ್ನೂ ಮರೆಯಬೇಡಿ. ಕಮೋಡಿನ ಬಾಗಿದ ಪೈಪಿನಲ್ಲಿ ನಿಂತ ನೀರು ಆವಿಯಾಗಿ ಒಣಗಿದರೆ ಚೇಂಬರಿನಿಂದ ನೇರ ದಾರಿಯಾಗುತ್ತದೆ. ನೀರಿದ್ದರೂ ಇಲಿ ಈಜಿ ಬರಬಲ್ಲದು, ಆದರೆ ಒಣಗಿದ ದಾರಿ ಅದಕ್ಕೆ ಇನ್ನೂ ಸಲೀಸು. ವಾರಕ್ಕೊಂದು ಬಕೆಟ್ ನೀರು ಹೊಯ್ದು ಮುಚ್ಚಳ ಹಾಕಿ, ಹೊರಗಿನ ಚೇಂಬರಿನ ಮುಚ್ಚಳ ಒಡೆದಿದ್ದರೆ ಬದಲಿಸಿ.

ಬೋನಿಟ್ಟರೆ ಬೀಳುತ್ತಿಲ್ಲ

ಬೋನಿಡುವಾಗ ಇಲಿಯ ಹೆಸರೆತ್ತಬಾರದು, ಕೇಳಿಸಿಕೊಂಡುಬಿಡುತ್ತದೆ ಎಂದು ಹಳಬರು ಹೇಳುವುದುಂಟು. ಕೇಳಿಸಿಕೊಳ್ಳುವುದಿಲ್ಲ, ಆದರೆ ಆ ಮಾತಿನ ಹಿಂದೆ ಒಂದು ಸರಿಯಾದ ಗಮನಿಕೆ ಇದೆ. ಮನೆ ಇಲಿ, ಹೆಗ್ಗಣ ಎರಡಕ್ಕೂ ತಮ್ಮ ದಾರಿಯಲ್ಲಿ ಹೊಸದಾಗಿ ಬಂದ ವಸ್ತು ಕಂಡರೆ ಅಂಜಿಕೆ. ಕೆಲವು ದಿನ ಸುತ್ತುಹಾಕಿಕೊಂಡು ಹೋಗುತ್ತವೆ. ಮೊದಲ ರಾತ್ರಿಯೇ ಬೀಳಲಿಲ್ಲವೆಂದು ಬೋನಿನ ಜಾಗ ಬದಲಿಸಿದರೆ ಅದು ಮತ್ತೆ ಹೊಸ ವಸ್ತು, ಅಂಜಿಕೆ ಮತ್ತೆ ಮೊದಲಿಂದ. ಬೋನನ್ನು ಬಿಗಿಯದೆ, ತಿಂಡಿ ಮಾತ್ರ ಇಟ್ಟು ಮೂರರಿಂದ ಐದು ರಾತ್ರಿ ಒಂದೇ ಕಡೆ ಬಿಡಿ. ಎರಡು ರಾತ್ರಿ ಸತತವಾಗಿ ತಿಂದ ಮೇಲೆ ಬಿಗಿಯಿರಿ. ಚಿಕ್ಕಿಲಿಗೆ ಈ ಅಂಜಿಕೆಯಿಲ್ಲ, ಹೊಸದನ್ನು ಕಂಡರೆ ಮೂಸಿ ನೋಡುವ ಚಾಳಿ; ಮೊದಲ ರಾತ್ರಿಯೇ ಬಿಗಿಯಬಹುದು, ಬೀಳದಿದ್ದರೆ ಎರಡನೇ ದಿನವೇ ಜಾಗ ಬದಲಿಸಬಹುದು.

ಹಲಗೆಯ ಮೇಲೆ ಸ್ಪ್ರಿಂಗ್ ಕಂಬಿ ಬಡಿಯುವ ಬೋನನ್ನು ಗೋಡೆಗೆ ಅಡ್ಡಲಾಗಿ, ತಿಂಡಿಯಿರುವ ತುದಿ ಗೋಡೆಗೆ ತಾಗುವಂತೆ ಇಡಬೇಕು. ಕೋಣೆಯ ನಡುವೆ ಇಟ್ಟ ಬೋನು ಅಲಂಕಾರಕ್ಕಷ್ಟೇ. ಒಂದೇ ಬೋನು ಸಾಲದು. ಮನೆ ಇಲಿಗೆ ದಾರಿಯುದ್ದಕ್ಕೂ ನಾಲ್ಕಾರು ಬೇಕು. ಚಿಕ್ಕಿಲಿಯ ಸಂಚಾರ ಗೂಡಿನಿಂದ ಕೆಲವೇ ಮೀಟರಿನೊಳಗೆ, ಅದಕ್ಕೆ ಎರಡು ಮೀಟರಿಗೊಂದು.

ತಿಂಡಿ ಹೋಗಿದೆ, ಬೋನು ಹಾಗೇ ಇದೆ ಎಂದರೆ ದೋಷ ಕೊಕ್ಕೆಯಲ್ಲಿದೆ ಅಥವಾ ತಿಂಡಿಯಲ್ಲಿದೆ. ತುಂಡು ವಡೆ, ಬೋಂಡಾ ಸುಮ್ಮನೆ ಇಟ್ಟರೆ ಇಲಿ ಎತ್ತಿಕೊಂಡು ಹೋಗುತ್ತದೆ, ಎಳೆಯಬೇಕಾದ ಅಗತ್ಯವೇ ಬೀಳುವುದಿಲ್ಲ. ಒಣಕೊಬ್ಬರಿಯ ಚೂರನ್ನು ಒಲೆಯ ಉರಿಯಲ್ಲಿ ಅಂಚು ಕಪ್ಪಾಗುವಷ್ಟು ಸುಟ್ಟು, ದಾರದಿಂದ ಕೊಕ್ಕೆಗೆ ಎರಡು ಸುತ್ತು ಬಿಗಿದು ಕಟ್ಟಿ. ಸುಟ್ಟ ಎಣ್ಣೆಯ ವಾಸನೆ ಹಸಿ ಕೊಬ್ಬರಿಗಿಂತ ದೂರ ಹೋಗುತ್ತದೆ. ಕಡಲೆಕಾಯಿ ಚಿಕ್ಕಿಯನ್ನು ಬಿಸಿ ಮಾಡಿ ಅಂಟಿಸಿದರೂ ಆದೀತು. ಕರಾವಳಿಯಲ್ಲಿ ಒಣಮೀನಿನ ತಲೆ ಕೊಬ್ಬರಿಯನ್ನು ಮೀರಿಸುತ್ತದೆ. ಮನೆಯಲ್ಲಿ ಅಕ್ಕಿ ರಾಗಿ ಯಥೇಚ್ಛ ಚೆಲ್ಲಿದ್ದರೆ ಯಾವ ತಿಂಡಿಗೂ ಬೆಲೆಯಿಲ್ಲ. ಒಂದು ಇಲಿಗೆ ದಿನಕ್ಕೆ 15ರಿಂದ 25 ಗ್ರಾಂ ಆಹಾರ ಸಾಕು; ನಾಯಿಯ ತಟ್ಟೆಯಲ್ಲಿ ರಾತ್ರಿ ಉಳಿದ ಅನ್ನವೇ ಎರಡು ಇಲಿಗೆ ಔತಣ.

ಪಂಜರದ ಬೋನಿನಲ್ಲಿ ಇನ್ನೆರಡು ದೋಷ ಸಾಮಾನ್ಯ. ತಿಂಡಿಯ ಕೊಕ್ಕೆ ಜಾಲರಿಗೆ ಹತ್ತಿರವಿದ್ದರೆ ಇಲಿ ಒಳಗೆ ಹೋಗದೆ ಹೊರಗಿನಿಂದಲೇ ಕೊರೆದು ತಿನ್ನುತ್ತದೆ. ಹಿಂಭಾಗಕ್ಕೂ ಎರಡು ಮಗ್ಗುಲಿಗೂ ರಟ್ಟು ಕಟ್ಟಿದರೆ ಬಾಗಿಲೊಂದೇ ದಾರಿ. ಇನ್ನೊಂದು ತುಕ್ಕು. ಬಾಗಿಲನ್ನು ಎತ್ತಿ ಹಿಡಿಯುವ ಕಂಬಿಯ ತುದಿ ಕೊಕ್ಕೆಯ ಮೇಲೆ ಎಷ್ಟು ಕೂತಿದೆ ನೋಡಿ. ಅರ್ಧ ಬೆರಳು ಕೂತಿದ್ದರೆ ಇಲಿ ಜಗ್ಗಿದರೂ ಜಾರುವುದಿಲ್ಲ. ಅಕ್ಕಿಕಾಳಿನಷ್ಟು ಮಾತ್ರ ಕೂರುವಂತೆ ಬಗ್ಗಿಸಿ, ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಸಂದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಡಿ. ಕಿರುಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಬಾಗಿಲು ಬೀಳಬೇಕು. ಬಾಗಿಲು ಬಿದ್ದಿದೆ, ಒಳಗೆ ಯಾರೂ ಇಲ್ಲ ಎಂದಾದರೆ ಬೋನು ಚಿಕ್ಕದು. ಬಾಲವೋ ಬೆನ್ನೋ ಹೊರಗುಳಿದು ಬಾಗಿಲು ಪೂರ್ತಿ ಕೂತಿಲ್ಲ, ಹೆಗ್ಗಣ ಅದನ್ನು ಮೂತಿಯಿಂದ ಎತ್ತಿ ಹೋಗಿದೆ.

ಬಿದ್ದ ಇಲಿಯನ್ನು ಪಕ್ಕದ ಬೀದಿಯಲ್ಲಿ ಬಿಟ್ಟು ಬರುವುದರಿಂದ ನೆರೆಯವರ ಶಾಪವಷ್ಟೇ ಲಾಭ. ಬಕೆಟ್ಟಿನಲ್ಲಿ ಮುಳುಗಿಸುವುದು ಕ್ರೂರ. ಕೊಲ್ಲಲೇಬೇಕೆಂದಿದ್ದರೆ ಕ್ಷಣದಲ್ಲಿ ಮುಗಿಸುವ ಬಡಿಯುವ ಬೋನೇ ವಾಸಿ. ಅಂಟಿನ ಹಲಗೆ ಬೇಡ: ಇಲಿ ಗಂಟೆಗಟ್ಟಲೆ ಒದ್ದಾಡುತ್ತದೆ, ಹಲ್ಲಿ ಹಕ್ಕಿ ಮರಿಗಳೂ ಸಿಕ್ಕಿಬೀಳುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ಇದನ್ನು ಬಳಸಬಾರದೆಂದು ರಾಜ್ಯಗಳಿಗೆ ತಿಳಿಸಿದೆ.

ಮುಚ್ಚಿದ ತೂತು ಮತ್ತೆ ತೆರೆದಿದೆ

ಇಲಿಯ ಮುಂಹಲ್ಲು ವರ್ಷಕ್ಕೆ ಸುಮಾರು 12 ಸೆಂ.ಮೀ. ಬೆಳೆಯುತ್ತದೆ, ಅದನ್ನು ಸವೆಸಲೇಬೇಕು. ಬಟ್ಟೆ, ಥರ್ಮೋಕೋಲು, ಹಸಿ ಗಾರೆ, ಬರೀ ಫೋಮ್ ಎಲ್ಲವೂ ಅದರ ಹಲ್ಲಿಗೆ ಆಟದ ಸಾಮಾನು. ಸ್ಪ್ರೇ ಫೋಮ್ ಗಾಳಿ ನಿಲ್ಲಿಸುತ್ತದೆ, ಇಲಿಯನ್ನಲ್ಲ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಮೊದಲು ಒತ್ತಿ ತುಂಬಿ, ಅದರ ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಮೆತ್ತಿ. ನೆಲಮಟ್ಟದ ಹೆಗ್ಗಣದ ಬಿಲಕ್ಕೆ ಗಾರೆಯೊಳಗೆ ಒಡೆದ ಗಾಜು ಬೆರೆಸುವ ರೂಢಿ ಇದೆ. ಗಾರೆ ಮೆತ್ತುವಾಗ ಕೈಗೆ ದಪ್ಪ ಗವಸು ಇರಲಿ. ಮೊದಲ ರಾತ್ರಿ ಗಾರೆ ಇನ್ನೂ ಹಸಿ, ಇಲಿ ಕೆರೆದುಬಿಡುತ್ತದೆ; ಅದರ ಮುಂದೆ ಒಂದು ಚಪ್ಪಡಿಯನ್ನೋ ತಗಡನ್ನೋ ಒರಗಿಸಿಡಿ. ಬಹಳ ಮಂದಿ ಗಾರೆಗೆ ಬೈಯುವುದು ಈ ಒಂದು ರಾತ್ರಿಯ ಅಜಾಗರೂಕತೆಯಿಂದ.

ಗಾಳಿ ಆಡಬೇಕಾದ ಕಡೆ ಕಾಲು ಇಂಚು ಕಣ್ಣಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಜಾಲರಿ. ಪ್ಲಾಸ್ಟಿಕ್ ಸೊಳ್ಳೆ ಪರದೆ ಒಂದು ರಾತ್ರಿಯೂ ತಡೆಯುವುದಿಲ್ಲ. ಬಾಗಿಲ ಕೆಳಗೆ ಅಲ್ಯೂಮಿನಿಯಂ ಪಟ್ಟಿ ಹೊಡೆದು ಸಂದಿಯನ್ನು ಪೆನ್ಸಿಲಿಗಿಂತ ತೆಳ್ಳಗಾಗಿಸಿ; ಬರೀ ರಬ್ಬರು ಹಾಕಿದರೆ ಮೂಲೆಯಿಂದ ಕಡಿಯುತ್ತದೆ.

ಯಾವುದನ್ನು ಮೊದಲು ಮುಚ್ಚಬೇಕು ಎಂಬಲ್ಲಿ ಎಡವಬಾರದು. ಎಲ್ಲವನ್ನೂ ಒಂದೇ ದಿನ ಮುಚ್ಚಿದರೆ ಒಳಗಿನವು ಒಳಗೇ ಸಿಕ್ಕಿ, ಬಾಗಿಲು ಕೊರೆಯುತ್ತವೆ ಅಥವಾ ಸಂದಿಯಲ್ಲಿ ಸತ್ತು ನಾರುತ್ತವೆ. ಹೆಚ್ಚು ಓಡಾಟವಿರುವ ಒಂದು ದಾರಿ ಉಳಿಸಿ ಮಿಕ್ಕವನ್ನು ಮುಚ್ಚಿ, ಆ ದಾರಿಯ ಎರಡೂ ಮಗ್ಗುಲಿಗೆ ಬೋನಿಡಿ. ರಂಗೋಲಿ ಪುಡಿಯಲ್ಲಿ ಸತತ ಮೂರು ರಾತ್ರಿ ಹೆಜ್ಜೆ ಕಾಣದಿದ್ದ ಮೇಲೆ ಅದನ್ನೂ ಮುಚ್ಚಿ.

ಪಾಷಾಣ ತಿಂದಿದೆ, ಸತ್ತಿಲ್ಲ

ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ 0.005% ಕೇಕು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುತ್ತದೆ, ಅದಕ್ಕೆ ಮೂರರಿಂದ ಏಳು ದಿನ ಹಿಡಿಯುತ್ತದೆ. ಎರಡನೇ ದಿನ ಇಲಿ ಓಡಾಡುವುದನ್ನು ನೋಡಿ ಮದ್ದು ನಕಲಿ ಎಂದು ತೀರ್ಮಾನಿಸಬೇಡಿ. ಪಾಷಾಣ ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ ಎಂಬುದು ಸುಳ್ಳು; ತನಗೆ ಹಿತವಾದ ಸಂದಿಯಲ್ಲೇ, ಅಂದರೆ ಅಟ್ಟದ ಮೂಲೆಯಲ್ಲೋ ಸೀಲಿಂಗಿನೊಳಗೋ ಸಾಯುತ್ತದೆ. ಅದಕ್ಕೇ ಮನೆಯೊಳಗೆ ಪಾಷಾಣ ಬೇಡ ಎಂಬುದು ನಮ್ಮ ಸಲಹೆ. ಹೊರಗಿನ ಬಿಲಕ್ಕೆ ಇಡುವುದಾದರೆ ಮುಚ್ಚಳವಿರುವ ಡಬ್ಬಿಯೊಳಗೆ ಕಂಬಿಗೆ ಪೋಣಿಸಿಡಿ. ಸತ್ತ ಇಲಿಯನ್ನು ಬೆಕ್ಕೋ ಗೂಬೆಯೋ ತಿಂದರೆ ಅವಕ್ಕೂ ವಿಷ.

ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ, ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ, ಹಳದಿ ರಂಜಕದ ಪೇಸ್ಟು ಇವನ್ನು ಮನೆ ಹೊಸ್ತಿಲೊಳಗೆ ತರಲೇಬಾರದು. ಮೊದಲೆರಡರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಬರುತ್ತದೆ, ಪೇಸ್ಟು ಯಕೃತ್ತನ್ನು ಹಾಳುಮಾಡುತ್ತದೆ, ಮೂರಕ್ಕೂ ಪ್ರತಿವಿಷವಿಲ್ಲ. 2024ರ ನವೆಂಬರಿನಲ್ಲಿ ಚೆನ್ನೈ ಬಳಿಯ ಕುಂದ್ರತ್ತೂರಿನಲ್ಲಿ ಮನೆಯೊಳಗೆ ಇಟ್ಟ ಇಲಿಪಾಷಾಣದಿಂದ ಏಸಿ ಕೋಣೆಯಲ್ಲಿ ಮಲಗಿದ್ದ ಕುಟುಂಬದ ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು. ಕೀಟನಿಯಂತ್ರಣದವರನ್ನು ಕರೆದರೂ ಯಾವ ಮದ್ದು, ಯಾವ ಕೋಣೆಯಲ್ಲಿ ಎಂದು ಕೇಳಿ, ಪ್ಯಾಕೆಟ್ಟಿನ ಫೋಟೋ ತೆಗೆದಿಟ್ಟುಕೊಳ್ಳಿ. ಯಾರಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯೋಗ ಬೇಡ. ಪ್ಯಾಕೆಟ್ಟಿನ ಸಮೇತ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ. ಬ್ರೋಮಾಡಿಯೋಲೋನಿಗೆ ವಿಟಮಿನ್ ಕೆ1 ಪ್ರತಿವಿಷ, ಯಾವ ಮದ್ದೆಂದು ಗೊತ್ತಾದರೆ ವೈದ್ಯರ ಕೆಲಸ ಬೇಗ ಶುರುವಾಗುತ್ತದೆ. ಈ ದಿನ ಆರೋಗ್ಯವಾಗಿ ಕಾಣುವ ಮಗುವಿಗೂ ಎರಡು ದಿನದ ಮೇಲೆ ತೊಂದರೆ ಶುರುವಾಗಬಹುದು, ಏನೂ ಆಗಿಲ್ಲವೆಂದು ಸುಮ್ಮನಾಗಬೇಡಿ.

ಸತ್ತ ವಾಸನೆ, ಎಲ್ಲಿಂದ?

ಫ್ಯಾನು ಆರಿಸಿ, ಕಿಟಕಿ ಮುಚ್ಚಿ ಅರ್ಧ ಗಂಟೆ ಬಿಟ್ಟು ಮೂಲೆಮೂಲೆಗೆ ಮೂಗೊಡ್ಡಿ. ಇರುವೆ ಸಾಲು, ಹಸಿರು ಮಿರುಗುವ ದಪ್ಪ ನೊಣ ಯಾವ ಸಂದಿಯತ್ತ ಹೋಗುತ್ತಿವೆ ಎಂಬುದು ಮೂಗಿಗಿಂತ ನಂಬಿಕಸ್ಥ ಸುಳಿವು. ತೆಗೆಯಲಾಗದ ಜಾಗದಲ್ಲಿದ್ದರೆ ವಾರದಿಂದ ಎರಡು ವಾರ ನಾತ ಸಹಿಸಲೇಬೇಕು. ಹತ್ತಿರದಲ್ಲಿ ಇದ್ದಿಲ ತಟ್ಟೆ ಇಟ್ಟರೆ ಸ್ವಲ್ಪ ತಗ್ಗುತ್ತದೆ.

ಹಿಕ್ಕೆಯನ್ನಾಗಲಿ ಸತ್ತ ಇಲಿಯನ್ನಾಗಲಿ ಒಣ ಪೊರಕೆಯಿಂದ ಗುಡಿಸಬೇಡಿ, ಧೂಳೆದ್ದು ಮೂಗಿಗೆ ಹೋಗುತ್ತದೆ. ಮಾಸ್ಕು, ಗವಸು ಹಾಕಿ, ಒಂಬತ್ತು ಲೋಟ ನೀರಿಗೆ ಒಂದು ಲೋಟ ಬ್ಲೀಚಿಂಗ್ ದ್ರಾವಣ ಬೆರೆಸಿ ಚೆನ್ನಾಗಿ ನೆನೆಸಿ, ಹತ್ತು ನಿಮಿಷ ಬಿಟ್ಟು ಪೇಪರಿನಿಂದ ಬಳಿದು ಕವರಿನಲ್ಲಿ ಕಟ್ಟಿ. ಬೋನನ್ನೂ ಹೀಗೇ ತೊಳೆಯಿರಿ. ಕರಾವಳಿ ಮಲೆನಾಡುಗಳಲ್ಲಿ ಮಳೆಗಾಲದಲ್ಲಿ ಕಾಣುವ ಇಲಿಜ್ವರ ಇಲಿಯ ಮೂತ್ರದಿಂದ ಹರಡುತ್ತದೆ, ಕಾಲಿನ ಒಡಕು ಗಾಯ ಅದಕ್ಕೆ ಸಾಕು. ಒಂದೇ ವಾರದಲ್ಲಿ ಪಾಷಾಣವಿಡದೆಯೇ ನಾಲ್ಕಾರು ಇಲಿ ಸತ್ತು ಬಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನಂಥ ಕಾಯಿಲೆಯಲ್ಲಿ ಮೊದಲು ಸಾಯುವುದು ಇಲಿಗಳೇ; ಅವುಗಳ ಮೈಮೇಲಿನ ಚಿಗಟಗಳು ಆಮೇಲೆ ಮನುಷ್ಯರ ಮೇಲೆ ಏರುತ್ತವೆ.

ವಾಷಿಂಗ್ ಮೆಷೀನು, ಕಾರು

ಮೆಷೀನು ನೀರು ಸೋರಿಸುತ್ತಿದೆ, ಅಥವಾ ಇದ್ದಕ್ಕಿದ್ದಂತೆ ತಿರುಗುವುದು ನಿಂತಿದೆ ಎಂದರೆ ಮೆಕ್ಯಾನಿಕ್ಕನ್ನು ಕರೆಯುವ ಮೊದಲು ಪ್ಲಗ್ ಕಿತ್ತು ಓರೆ ಮಾಡಿ ತಳ ನೋಡಿ. ತಳ ತೆರೆದಿರುವ ಮೆಷೀನುಗಳಲ್ಲಿ ಇಲಿ ಹೊಕ್ಕು ಡ್ರೈನ್ ಪೈಪು, ಬೆಲ್ಟು, ವೈರು ಕಡಿಯುತ್ತದೆ. ರಿಪೇರಿ ಮಾಡಿಸಿ ತಳಕ್ಕೆ ಜಾಲರಿ ಹಾಕಿಸದಿದ್ದರೆ ಅದೇ ಬಿಲ್ಲು ಮತ್ತೆ ಬರುತ್ತದೆ. ಡ್ರೈನ್ ಪೈಪನ್ನು ಬಚ್ಚಲ ತೂತಿಗೆ ಸುಮ್ಮನೆ ಇಳಿಬಿಟ್ಟಿದ್ದರೆ ಜಾಲರಿ ಎತ್ತಿಯೇ ಇರುತ್ತದೆ. ಪೈಪಿನಳತೆಗೆ ತೂತಿರುವ ಮುಚ್ಚಳ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಾರಿನದೂ ಇದೇ ಕಥೆ: ವಾರಗಟ್ಟಲೆ ನಿಂತ ಕಾರಿನ ಬಾನೆಟ್ಟು ಬೆಚ್ಚಗಿನ ಗೂಡು. ದಿನ ಬಿಟ್ಟು ದಿನ ಓಡಿಸುವುದು, ಒಳಗೆ ತಿಂಡಿ ಬಿಡದಿರುವುದು, ರಾತ್ರಿ ಬಾನೆಟ್ಟು ಎತ್ತಿಡುವುದು ಇವೇ ಮೇಲು.

ದುಡ್ಡು ಹಾಳಾಗುವ ಕಡೆ

ಪ್ಲಗ್ಗಿಗೆ ಸಿಕ್ಕಿಸುವ ಅಲ್ಟ್ರಾಸಾನಿಕ್ ಯಂತ್ರದ ಸದ್ದಿಗೆ ಇಲಿ ಕೆಲವೇ ದಿನದಲ್ಲಿ ಒಗ್ಗಿಕೊಳ್ಳುತ್ತದೆ. ಬೀರು, ಪರದೆ ದಾಟಿ ಆ ಸದ್ದು ಹೋಗುವುದೂ ಇಲ್ಲ. ಆಧಾರವಿಲ್ಲದೆ ಇವನ್ನು ಹೊಗಳಿ ಮಾರಬೇಡಿ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ತಯಾರಕರಿಗೆ ಎಚ್ಚರಿಸಿತ್ತು. ನುಸಿಗುಳಿಗೆಯ ವಾಸನೆಗೆ ಇಲಿ ದಾರಿ ಬಿಡುವುದಿಲ್ಲ, ಮಕ್ಕಳ ಬಾಯಿಗೆ ಹೋದರೆ ಅಪಾಯ ಬೇರೆ. ನೀಲಗಿರಿ ಎಣ್ಣೆ, ಪುದೀನ ಒಂದು ರಾತ್ರಿಯ ಮಾತು. ಬೆಕ್ಕು ಚಿಕ್ಕಿಲಿಯನ್ನು ಹಿಡಿದೀತು. ದೊಡ್ಡ ಹೆಗ್ಗಣ ಬಂದರೆ ತಾನೇ ಪಕ್ಕಕ್ಕೆ ಸರಿಯುವ ಬೆಕ್ಕುಗಳೇ ಜಾಸ್ತಿ, ಅದಕ್ಕೆ ಇಟ್ಟ ಹಾಲನ್ನವನ್ನೂ ಇಲಿಯೇ ತಿನ್ನುತ್ತದೆ.

ಕಾಟ ನಿಂತ ಮೇಲೂ ವರ್ಷಕ್ಕೆ ಎರಡು ಸಲ ಪೆನ್ಸಿಲು ಹಿಡಿದು ಮನೆ ಸುತ್ತಬೇಕು. ಒಂದು ಮುಂಗಾರು ಹಿಡಿಯುವ ಮುಂಚೆ, ಮೇ ಕೊನೆಯಲ್ಲಿ. ಮಳೆನೀರು ಬಿಲಕ್ಕೆ ನುಗ್ಗಿದಾಗ ಹೆಗ್ಗಣ ಮೇಲೇರಿ ಮನೆಯತ್ತ ಬರುತ್ತದೆ. ಇನ್ನೊಂದು ರಾಗಿ, ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ, ಊರಂಚಿನ ಮನೆಗಳಲ್ಲಂತೂ ತಪ್ಪದೆ. ಪ್ಲಂಬರೋ ಕೇಬಲಿನವರೋ ಬಂದು ಗೋಡೆಗೆ ಹೊಸ ತೂತು ಕೊರೆದು ಹೋದ ಸಂಜೆಯೂ ಒಂದು ಸುತ್ತು.